ಹಿಮದ ಕೆಳಗೆ ಉಪ್ಪು

ಚಿತ್ರವನ್ನು ಮೊದಲ ಸಲ ನೋಡುವವರ ಕಣ್ಣಿಗೆ ಬೀಳುವುವು ಎರಡೇ: ಎದುರಿಗೆ ಅಲೆಗಳೊಡನೆ ಹೆಣಗುವ ದೋಣಿಗಳು, ಹಿಂದೆ ಹಿಮದ ಮುಡಿ ಹೊತ್ತ ಫ್ಯೂಜಿ ಪರ್ವತ. ಜಪಾನಿನ ಹೊಕುಸಾಯ್ (1760-1849) ಎಪ್ಪತ್ತರ ಆಸುಪಾಸಿನಲ್ಲಿ ರಚಿಸಿದ 'ಫ್ಯೂಜಿಯ ಮೂವತ್ತಾರು ನೋಟಗಳು' ಎಂಬ ಮರದಚ್ಚಿನ ಚಿತ್ರಮಾಲೆಗೆ ಸೇರಿದುದು ಇದು. (ಹೆಸರಿಗೆ ಮೂವತ್ತಾರು, ಮತ್ತೆ ಹತ್ತು ಕೂಡಿ ಒಟ್ಟು 46 ಆದವು.) ಸ್ಥಳ, ತೊಕೈದೊ ಹೆದ್ದಾರಿಯ ಎಜಿರಿ ಬಳಿಯ ತಾಗೊ ಕಡಲತೀರ.

ದೋಣಿಗಳನ್ನು ದಾಟಿ ದಡದತ್ತ ದೃಷ್ಟಿ ಹಾಯಿಸಬೇಕು. ಅಲ್ಲಿ ಮರಳಿನ ಮೇಲೆ ಇರುವೆಗಳಂತೆ ಕಿರಿದಾದ ಆಕೃತಿಗಳು! ಅವರು ಉಪ್ಪಿನಾಗರದ ಕೆಲಸಗಾರರು. ಕಡಲ ನೀರನ್ನು ಹೊತ್ತು ತಂದು ಮರಳಿಗೆ ಚಿಮುಕಿಸಿ, ಬಿಸಿಲಿಗೆ ಒಣಗಿಸಿ, ಉಪ್ಪು ಹತ್ತಿದ ಆ ಮರಳನ್ನು ಬಳಿದು, ಮತ್ತೆ ನೀರೆರೆದು ಸೋಸಿ, ಬಂದ ಗಟ್ಟಿ ಉಪ್ಪುನೀರನ್ನು ಒಲೆಯ ಮೇಲೆ ಕುದಿಸುವುದು ಅಂದಿನ ಜಪಾನಿನ ಕ್ರಮ. ಮಳೆ ಬಿದ್ದರೆ ದಿನದ ದುಡಿಮೆಯೆಲ್ಲ ನೀರಿನಲ್ಲಿ ಹೋಮ.

ನಿಸರ್ಗದೆದುರು ಮಾನವನು ಅಲ್ಪನೆಂಬುದೇ ಚಿತ್ರದ ಅರ್ಥವೆಂದು ಹೇಳಿ ಮುಗಿಸುವುದು ಸುಲಭ. ಆದರೆ ತಾಗೊ ತೀರವು ಜಪಾನೀಯರಿಗೆ ಬರಿಯ ಊರಲ್ಲ, ಕಾವ್ಯಭೂಮಿ. ಎಂಟನೆಯ ಶತಮಾನದ ಕವಿ ಯಮಾಬೆ ನೊ ಅಕಹಿತೊ ಅಲ್ಲಿಂದ ಫ್ಯೂಜಿಯ ಹಿಮವನ್ನು ಕಂಡು ಹಾಡಿದನು. 'ಮನ್ಯೋಶೂ' ಸಂಕಲನದಲ್ಲಿ ಆ ಕವಿತೆಯಿದೆ. ಊರ ಹೆಸರು ಕೇಳಿದೊಡನೆ ಓದುಬರಹ ಬಲ್ಲವರಿಗೆ ನೆನಪಾಗುತ್ತಿದ್ದುದು ಆ ಬಿಳುಪು. ಹೊಕುಸಾಯ್ ಹಿಮವನ್ನು ಕೈಬಿಡಲಿಲ್ಲ. ಅದರ ಅಡಿಯಲ್ಲಿ ಉಪ್ಪನ್ನೂ ತಂದಿಟ್ಟನು. ಕವಿಯ ಕಣ್ಣಿಗೆ ದೇವಲೋಕವಾದ ತೀರ ಬೆವರಿಳಿಸುವವರ ಅಂಗಳವೂ ಹೌದೆಂಬುದನ್ನು ಚಿತ್ರಕಾರನು ಮಾತಿಲ್ಲದೆ ತೋರಿದ್ದಾನೆ. ಅವರನ್ನು ಅಷ್ಟು ಚಿಕ್ಕದಾಗಿ ಬರೆದುದು ತಾತ್ಸಾರದಿಂದಲ್ಲ. ಅಲಂಕಾರಕ್ಕಷ್ಟೇ ಆಗಿದ್ದರೆ ಅವರಿಗೆ ಕೆಲಸ ಕೊಡುವ ಅಗತ್ಯವೇನಿತ್ತು?

ಇನ್ನೊಂದು ದುಡಿಮೆ ಕಣ್ಣಿಗೆ ಕಾಣದು. ಚಿತ್ರಕಾರನು ತೆಳುಗಾಗದದ ಮೇಲೆ ಬರೆದ ರೇಖೆಗಳನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕೆತ್ತುವವನು ರೇಖೆಯನ್ನುಳಿಸಿ ಉಳಿದುದನ್ನೆಲ್ಲ ಉಳಿಯಿಂದ ತೆಗೆಯುತ್ತಿದ್ದನು. ಮೂಲಚಿತ್ರ ಅಲ್ಲಿಗೇ ನಾಶ! ಬಣ್ಣಗಳಿಗೆ ಬೇರೆಬೇರೆ ಹಲಗೆಗಳು, ಅಚ್ಚೊತ್ತುವವನು ಮತ್ತೊಬ್ಬ. ಕಡಲತೀರದ ಆ ಇರುವೆಯಂತಹ ಮನುಷ್ಯರು ಅಕ್ಕಿಕಾಳಿನಷ್ಟು ಮರದಲ್ಲಿ ಉಳಿದುಬಂದುದು ಅವರ ಕೈಚಳಕದಿಂದ. ಪ್ರಕಾಶಕ ನಿಶಿಮುರಾಯ ಯೋಹಾಚಿಯ ಹೆಸರು ಇಂದಿಗೂ ತಿಳಿದಿದೆ, ಹೊಕುಸಾಯ್‌ನ ಸಹಿಯಂತೂ ಹಾಳೆಯ ಮೇಲೆಯೇ ಇದೆ. ಕೆತ್ತಿದವನ ಹೆಸರು ಅಲ್ಲಿ ಕಾಣುವುದಿಲ್ಲ.