ಆ್ಯಪ್ ಕೊಟ್ಟ ವಿಳಾಸವನ್ನು ಕರ್ನಲ್ ಯಾಕೆ ನಂಬಲ್ಲ?

ನೀವು ಈ ಎಪಿಸೋಡ್ ಕೇಳ್ತಿರೋ ಹೊತ್ತಲ್ಲೇ ನಿಮ್ಮ ಫೋನಿನ ಆ್ಯಪ್‌ಗಳು ಲೆಕ್ಕವಿಲ್ಲದಷ್ಟು ಸಲ ಕರ್ನಲ್ ಹತ್ತಿರ ಕೆಲಸ ಕೇಳ್ತಿರ್ತವೆ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಆಂಡ್ರಾಯ್ಡ್‌ನಲ್ಲಿ ಅದು ಲಿನಕ್ಸ್. ಫೈಲ್ ತೆರೆಯೋದು, ನೆಟ್‌ವರ್ಕ್‌ಗೆ ಡೇಟಾ ಕಳಿಸೋದು, ಇದನ್ನೆಲ್ಲ ಆ್ಯಪ್ ತಾನೇ ಮಾಡೋ ಹಾಗಿಲ್ಲ. ಕರ್ನಲ್‌ಗೆ ಅರ್ಜಿ ಹಾಕ್ಬೇಕು. ಆ ಅರ್ಜಿಯೇ ಸಿಸ್ಟಮ್ ಕಾಲ್.

ಅರ್ಜಿ ಹೋಗೋದು ಹೇಗೆ? ಪ್ರೊಸೆಸರ್ ಒಳಗೆ ರಿಜಿಸ್ಟರ್ ಅನ್ನೋ ಪುಟ್ಟ ಖಾನೆಗಳಿವೆ. 64 ಬಿಟ್ ಆರ್ಮ್ ಪ್ರೊಸೆಸರ್‌ನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಎಕ್ಸ್8 ಖಾನೆಯಲ್ಲಿ ಯಾವ ಕೆಲಸ ಅನ್ನೋ ನಂಬರ್ ಇರುತ್ತೆ. ಎಕ್ಸ್0ಯಿಂದ ಎಕ್ಸ್5ರವರೆಗೆ ಆರ್ಗ್ಯುಮೆಂಟ್‌ಗಳು, ಅಂದ್ರೆ ಕೆಲಸದ ವಿವರಗಳು. ಹೆಚ್ಚೆಂದ್ರೆ ಆರು. ಉದಾಹರಣೆಗೆ, 'ರೈಟ್' ಕಾಲ್‌ನ ನಂಬರ್ 64. ಅದಕ್ಕೆ ಮೂರು ವಿವರ ಸಾಕು: ಯಾವ ಫೈಲ್, ಬರೆಯಬೇಕಾದ್ದು ಮೆಮೊರಿಯಲ್ಲಿ ಎಲ್ಲಿದೆ, ಎಷ್ಟು ಬೈಟ್. ಆಮೇಲೆ ಎಸ್‌ವಿಸಿ ಅನ್ನೋ ಒಂದೇ ಸೂಚನೆ; ಅಧಿಕಾರ ಕರ್ನಲ್ ಕೈಗೆ.

ತೊಡಕಿರೋದು ಎರಡನೇ ವಿವರದಲ್ಲಿ. ಒಂದು ಖಾನೆಯಲ್ಲಿ ಹಿಡಿಯೋದು 8 ಬೈಟ್ ಮಾತ್ರ, ನಿಮ್ಮ ಫೋಟೊ ಹಿಡಿಯಲ್ಲ. ಹಾಗಾಗಿ ಆ್ಯಪ್ ಕೊಡೋದು ಫೋಟೊ ಅಲ್ಲ, ಫೋಟೊ ಇರೋ ಜಾಗದ ವಿಳಾಸ. ಆ ವಿಳಾಸವೇ ಸುಳ್ಳಾಗಿದ್ರೆ? ಆ್ಯಪ್ ಮುಟ್ಟಬಾರದ ಮೆಮೊರಿಯೂ ಕರ್ನಲ್ ಕೈಗೆ ಸಿಗುತ್ತೆ. ಕಿಡಿಗೇಡಿ ಆ್ಯಪ್ ಒಂದು ಕರ್ನಲ್‌ನ ಸ್ವಂತ ಮೆಮೊರಿಯ ವಿಳಾಸ ಕೊಟ್ಟು, 'ಇಲ್ಲಿರೋದನ್ನ ನನ್ನ ಫೈಲ್‌ಗೆ ಬರಿ' ಅಂದ್ರೆ ಗುಟ್ಟೆಲ್ಲ ಹೊರಗೆ!

ಅದಕ್ಕೇ ಕರ್ನಲ್ ಮೊದಲು ಆ ವಿಳಾಸ ಆ್ಯಪ್‌ಗಳಿಗೆ ಬಿಟ್ಟಿರೋ ಎಲ್ಲೆಯೊಳಗಿದೆಯಾ ಅಂತ ನೋಡುತ್ತೆ. ಆಮೇಲೆ ಅಲ್ಲಿರೋದನ್ನ ತನ್ನ ಕಡೆಗೆ ನಕಲು ಮಾಡ್ಕೊಳ್ಳುತ್ತೆ. ವಿಳಾಸ ತಪ್ಪಿದ್ರೆ ಎರರ್ ಕೊಟ್ಟು ವಾಪಸ್ ಕಳಿಸುತ್ತೆ.

ನಕಲು ಯಾಕೆ? ನಾನು ಬಿಕಾಂ ಓದಿದ್ದು, ಆಡಿಟಿಂಗ್ ಭಾಷೆಯಲ್ಲೇ ಹೇಳ್ತೀನಿ. ವೋಚರ್ ನೋಡಿ, ಸರಿ ಅಂತ ಅವರ ಕೈಗೇ ವಾಪಸ್ ಕೊಟ್ಟು, ಆಮೇಲೆ ಅದನ್ನೇ ನೋಡಿ ಲೆಕ್ಕ ಬರೆದ್ರೆ, ನಡುವೆ ಅಂಕಿ ತಿದ್ದಿರಬಹುದು. ಜೆರಾಕ್ಸ್ ಇಟ್ಕೊಂಡು, ಅದನ್ನೇ ಪರೀಕ್ಷಿಸಿ, ಅದರಿಂದಲೇ ಬರೆದ್ರೆ ಆ ಭಯ ಇಲ್ಲ. ಫೈಲ್ ತೆರೆಯುವಾಗಲೂ ಹೀಗೇ. ಫೈಲಿನ ಹೆಸರನ್ನ ಕರ್ನಲ್ ಪರೀಕ್ಷಿಸ್ತಿರುವಾಗಲೇ ಆ್ಯಪ್‌ನ ಇನ್ನೊಂದು ಥ್ರೆಡ್ ಅದನ್ನ ಬದಲಾಯಿಸಬಹುದು. ಮೊದಲೇ ನಕಲು ತಗೊಂಡಿದ್ರೆ ಆ ಆಟ ನಡೆಯಲ್ಲ.

ಈ ಪರೀಕ್ಷೆ ಒಂದೇ ಒಂದು ಕಡೆ ಬಿಟ್ಟುಹೋದ್ರೂ ಸಾಕು. 2017ರಲ್ಲಿ ಬಂದ ಲಿನಕ್ಸ್ 4.13ರಲ್ಲಿ 'ವೇಟ್‌ಐಡಿ' ಅನ್ನೋ ಕಾಲ್‌ನಲ್ಲಿ ಹಾಗೇ ಆಯ್ತು. ಫಲಿತಾಂಶ ಬರೆಯೋ ವಿಳಾಸ ಆ್ಯಪ್‌ನದ್ದೇನಾ ಅಂತ ನೋಡೋ ಸಾಲೇ ಇರಲಿಲ್ಲ. ಸಾಮಾನ್ಯ ಪ್ರೋಗ್ರಾಮ್ ಒಂದು ಕರ್ನಲ್ ಕೈಯಿಂದಲೇ ಕರ್ನಲ್ ಮೆಮೊರಿ ಕೆಡಿಸೋಕೆ ದಾರಿ ಸಿಕ್ತು. ಅದೇ ವರ್ಷ ಸರಿ ಮಾಡಿದ್ರು.

ನಿಮ್ಮ ಬ್ಯಾಂಕ್ ಆ್ಯಪ್‌ನ ಮಾಹಿತಿ ಪಕ್ಕದ ಗೇಮ್ ಆ್ಯಪ್‌ಗೆ ಸಿಗದೇ ಇರೋದಕ್ಕೆ ಇಂಥ ಪುಟ್ಟ ಪರೀಕ್ಷೆಗಳೂ ಕಾರಣ. ಸೆಕ್ಯುರಿಟಿ ಅಪ್‌ಡೇಟ್‌ಗಳಲ್ಲಿ ಎಷ್ಟೋ ಸಲ ಬರೋದು ಹೀಗೆ ಬಿಟ್ಟುಹೋದ ಸಾಲುಗಳೇ. ನೋಟಿಫಿಕೇಶನ್ ಬಂದಿದ್ರೆ ಇವತ್ತು ರಾತ್ರಿ ಚಾರ್ಜ್‌ಗೆ ಹಾಕಿ ಮುಗಿಸಿಬಿಡಿ. ಮತ್ತೆ ಸಿಗೋಣ.