ಬಿಲ್ಲು ಬಂದಿತು, ಸರಕು ಬಂದಿತೇ?

ತೆರಿಗೆಯ ಹೊರೆಯನ್ನು ಕಾನೂನಿನ ಮಿತಿಯೊಳಗೆ ತಗ್ಗಿಸಿಕೊಳ್ಳುವುದು ವರ್ತಕನ ಹಕ್ಕು. ನಡೆಯದ ಖರೀದಿಯನ್ನು ನಡೆದಿದೆಯೆಂದು ಲೆಕ್ಕಪುಸ್ತಕದಲ್ಲಿ ತೋರಿಸುವುದು ವಂಚನೆ. ಹಕ್ಕಿನಿಂದ ವಂಚನೆಯೆಡೆಗೆ ವರ್ತಕನನ್ನು ಸುಲಭವಾಗಿ ಎಳೆದೊಯ್ಯುವ ಸಾಧನವೆಂದರೆ ಸರಕಿಲ್ಲದ ಬಿಲ್ಲು.

ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮಾರಾಟದ ಮೇಲಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ವ್ಯಾಟ್ ಪದ್ಧತಿಯಲ್ಲಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿಯಲ್ಲಿಯೂ ಮುಂದುವರಿದಿದೆ. ಇದರ ದುರುಪಯೋಗದ ಬಗೆ ಸರಳ. ಹೆಸರಿಗಷ್ಟೇ ಇರುವ ಸಂಸ್ಥೆಯೊಂದು ಕಮಿಷನ್ ಪಡೆದು ಬಿಲ್ಲು ನೀಡುತ್ತದೆ. ಬ್ಯಾಂಕಿನ ಮೂಲಕ ಸಂದಾಯವಾದ ಹಣ ನಗದಾಗಿ ಹಿಂದಿರುಗುತ್ತದೆ. ಬೊಕ್ಕಸಕ್ಕೆ ಸೇರದ ತೆರಿಗೆಗೆ ಖರೀದಿದಾರನು ಜಮೆ ಪಡೆಯುತ್ತಾನೆ.

ಈ ಲಾಭದ ನಿಜವಾದ ಬೆಲೆಯನ್ನು ಗಮನಿಸಬೇಕು. 10 ಲಕ್ಷ ರೂಪಾಯಿಯ ಸುಳ್ಳು ಬಿಲ್ಲಿನ ಮೇಲೆ ಶೇಕಡ 18ರಂತೆ 1,80,000 ರೂ. ಜಮೆ ಪಡೆದು ಬಳಸಿಕೊಂಡಿದ್ದು, ಮೂರು ವರ್ಷಗಳ ನಂತರ ವಂಚನೆ ಸಾಬೀತಾಯಿತೆಂದು ಭಾವಿಸೋಣ. ಆ ತೆರಿಗೆ, ಅಷ್ಟೇ ಮೊತ್ತದ ದಂಡ, ವರ್ಷಕ್ಕೆ ಶೇಕಡ 18ರ ಬಡ್ಡಿ 97,200 ರೂ. ಸೇರಿ ತೆರಬೇಕಾದುದು 4,57,200 ರೂ. ನೋಟಿಸು ಬರುವ ಮೊದಲೇ ತಾನಾಗಿ ತೆರಿಗೆ ಮತ್ತು ಬಡ್ಡಿ ಪಾವತಿಸಿದರೆ ದಂಡ ತೆರಿಗೆಯ ಶೇಕಡ 15ಕ್ಕೆ ಇಳಿಯುತ್ತದೆ. ಮೊತ್ತ 5 ಕೋಟಿ ರೂ. ಮೀರಿದರೆ 5 ವರ್ಷಗಳವರೆಗೆ ಸೆರೆವಾಸವನ್ನು 132ನೇ ಕಲಂ ವಿಧಿಸುತ್ತದೆ. ಬಿಲ್ಲು ಕೊಟ್ಟವನಂತೆಯೇ ಅದರ ಮೇಲೆ ಜಮೆ ಪಡೆದವನೂ ಅಪರಾಧಿಯೇ.

ವಂಚನೆಯ ಉದ್ದೇಶವಿಲ್ಲದ ವರ್ತಕನೂ ನಿಶ್ಚಿಂತನಾಗಿರುವಂತಿಲ್ಲ. ಕಾಫಿ ವರ್ತಕ ಸಂಸ್ಥೆಯೊಂದರ ವ್ಯಾಟ್ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪಿತ್ತಿತ್ತು. 2023ರ ಮಾರ್ಚ್ 13ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಬಿಲ್ಲು ಹಾಜರುಪಡಿಸಿದ ಮಾತ್ರಕ್ಕೆ, ಚೆಕ್ಕಿನ ಮೂಲಕ ಹಣ ಕೊಟ್ಟ ಮಾತ್ರಕ್ಕೆ ಖರೀದಿ ಸಾಬೀತಾಗುವುದಿಲ್ಲ. ಸರಕು ವಾಸ್ತವವಾಗಿ ಸಾಗಿ ಬಂದುದನ್ನು ಖರೀದಿದಾರನೇ ರುಜುವಾತುಪಡಿಸಬೇಕೆಂಬುದು ತೀರ್ಪಿನ ಸಾರ. ಮಾರಾಟಗಾರನ ಹೆಸರು-ವಿಳಾಸ, ವಾಹನದ ವಿವರ, ಸಾಗಣೆ ಬಾಡಿಗೆ, ಸರಕು ಸ್ವೀಕೃತಿ ಇವೆಲ್ಲವನ್ನೂ ನ್ಯಾಯಾಲಯ ಹೆಸರಿಸಿತು. ಜಿಎಸ್‌ಟಿ ಕಾಯಿದೆಯ 155ನೇ ಕಲಮೂ ಜಮೆ ಕೇಳುವವನ ಮೇಲೆಯೇ ರುಜುವಾತಿನ ಹೊಣೆ ಹೊರಿಸಿದೆ.

ಆದುದರಿಂದ ಸಣ್ಣ ವರ್ತಕರೂ ಕೈಗಾರಿಕೋದ್ಯಮಿಗಳೂ ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುವುದು ಕ್ಷೇಮಕರ. ಹೊಸ ಮಾರಾಟಗಾರನ ನೋಂದಣಿ ಊರ್ಜಿತದಲ್ಲಿದೆಯೇ ಎಂದು ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಬೇಕು. ಆತನು ಬಿಲ್ಲಿನ ವಿವರ ಸಲ್ಲಿಸಿರುವುದನ್ನು ಪ್ರತಿ ತಿಂಗಳೂ ತಾಳೆ ನೋಡಬೇಕು. ಪ್ರತಿ ಬಿಲ್ಲಿನೊಡನೆ ಇ-ವೇ ಬಿಲ್, ಲಾರಿ ರಸೀದಿ, ತೂಕದ ಚೀಟಿಗಳನ್ನು ಲಗತ್ತಿಸಿ, ದಾಸ್ತಾನು ವಹಿಯಲ್ಲಿ ಅದೇ ದಿನ ನಮೂದಿಸಬೇಕು. ವಾರ್ಷಿಕ ವಿವರಣ ಪತ್ರದ ಗಡುವಿನಿಂದ 72 ತಿಂಗಳವರೆಗೆ ಈ ದಾಖಲೆಗಳನ್ನು ಕಾಪಾಡಬೇಕು. ಮಾರುಕಟ್ಟೆ ದರಕ್ಕಿಂತ ತೀರಾ ಅಗ್ಗವಾಗಿ ಬಂದ ಸರಕನ್ನೂ, ಸರಕಿಗಿಂತ ಮೊದಲೇ ಬಂದ ಬಿಲ್ಲನ್ನೂ ಸಂಶಯದಿಂದ ನೋಡಬೇಕು.

ಸುಳ್ಳು ಬಿಲ್ಲಿನ ವರ್ತಕನು ಕೇವಲ ಸರ್ಕಾರವನ್ನು ವಂಚಿಸುವುದಿಲ್ಲ. ತೆರಿಗೆ ತೆತ್ತು ಅದೇ ಬೀದಿಯಲ್ಲಿ ಅದೇ ಸರಕು ಮಾರುವ ನೆರೆಯ ಅಂಗಡಿಯವನು ಅವನ ದರಕ್ಕೆ ಮಾರಲಾರದೆ ಸೋಲುತ್ತಾನೆ. ಆ ನಷ್ಟ ಯಾವ ತನಿಖಾ ವರದಿಯಲ್ಲಿಯೂ ನಮೂದಾಗುವುದಿಲ್ಲ.