‘ಇವರಪ್ಪನೂ ತಡಾ ಮಾಡೇ ಮಾತಾಡ್ಯಾನ’ ಅಂತ ಕಾಯಬೇಡಿ

ನಮ್ಮ ರಾಯಚೂರು ಕಡೆ ನಾನು ಚಿಕ್ಕಂದಿನಿಂದ ಕೇಳಿದ ಒಂದು ಮಾತಿನಿಂದ ಶುರು ಮಾಡ್ತೀನಿ: ‘ಇವರಪ್ಪನೂ ತಡಾ ಮಾಡೇ ಮಾತಾಡ್ಯಾನ, ಇವನೂ ಮಾತಾಡ್ತಾನ ಬಿಡವಾ.’ ಮಗುವಿಗೆ ಇನ್ನೂ ಮಾತು ಬಂದಿಲ್ಲ ಅಂತ ತಾಯಿ ಹೇಳಿದಾಗ ಹಿರಿಯರು ಕೊಡುವ ಸಮಾಧಾನ ಇದು. ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಕೆಲವು ಮಕ್ಕಳಿಗೆ ಈ ಸಮಾಧಾನ ಬಹಳ ದುಬಾರಿ ಬೀಳುತ್ತೆ.

ಯಾಕೆ ಅಂದ್ರೆ, ಮಿದುಳು ಅತಿ ವೇಗವಾಗಿ ಬೆಳೆಯೋದು ಮೊದಲ ಕೆಲವು ವರ್ಷಗಳಲ್ಲಿ. ಕಿವಿ ಕೇಳದ ಮಗುವನ್ನೇ ನೋಡಿ. ಶಬ್ದ ಕಿವಿಗೇ ಬೀಳದಿದ್ರೆ ಮಾತು ಎಲ್ಲಿಂದ ಬರಬೇಕು? ಅದಕ್ಕೇ 1 ತಿಂಗಳೊಳಗೆ ಶ್ರವಣ ಪರೀಕ್ಷೆ, 3 ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತ, 6 ತಿಂಗಳೊಳಗೆ ನೆರವು ಶುರು ಅಂತ ತಜ್ಞರು ಗಡುವು ಹಾಕಿದ್ದಾರೆ.

ಮನೆಯಲ್ಲಿ ನಾವು ಏನು ಗಮನಿಸಬೇಕು? 5 ತಿಂಗಳಾದ್ರೂ ಕುತ್ತಿಗೆ ನಿಲ್ಲದಿದ್ರೆ, 9 ತಿಂಗಳಾದ್ರೂ ಆಸರೆಯಿಲ್ಲದೆ ಕೂರದಿದ್ರೆ, 18 ತಿಂಗಳಾದ್ರೂ ನಡೆಯದಿದ್ರೆ, 2 ವರ್ಷಕ್ಕೆ ‘ಅವ್ವಾ ಬಾ’ ಅಂತ ಎರಡು ಪದ ಜೋಡಿಸದಿದ್ರೆ ತೋರಿಸಿ. ಹೆಸರು ಹಿಡಿದು ಕರೆದ್ರೂ ತಿರುಗದಿದ್ರೆ, ಕಲಿತ ಮಾತು ಮರೆತುಹೋದ್ರೆ ತಡ ಮಾಡಲೇಬೇಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಹುಟ್ಟಿದಾಗ ಅಳದ, ತೂಕ ಕಡಿಮೆಯಿದ್ದ ಮಕ್ಕಳ ಮೇಲೆ ಇನ್ನೂ ಹೆಚ್ಚು ನಿಗಾ ಇರಲಿ. ಬೆಳವಣಿಗೆಯ ಈ ಹಂತಗಳು ನಿಮ್ಮ ತಾಯಿ ಕಾರ್ಡಿನಲ್ಲೇ ಚಿತ್ರ ಸಮೇತ ಇರ್ತವೆ.

ತೋರಿಸೋದು ಎಲ್ಲಿ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ತಂಡ ಯಾವಾಗ ಬರುತ್ತೆ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ. ಅನುಮಾನ ಇದ್ರೆ ಅವರು ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಡ್ತಾರೆ.

ಕಷ್ಟ ಶುರುವಾಗೋದು ಇಲ್ಲೇ. ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ಹೋಗಿ ಬಂದ್ರೆ ಆ ದಿನದ ಕೂಲಿ ಹೋಯ್ತು. ಥೆರಪಿ ಒಂದು ದಿನಕ್ಕೆ ಮುಗಿಯೋದೂ ಅಲ್ಲ. ಅಷ್ಟರಲ್ಲಿ ಮನೆಮಂದಿ ಬೆಂಗಳೂರಿಗೆ ಗುಳೆ ಹೋದ್ರೆ ಮಗುವಿನ ಆರೈಕೆ ಅರ್ಧಕ್ಕೇ ನಿಲ್ಲುತ್ತೆ.

ಗುಳೆ ಹೊರಡುವಾಗ ತಾಯಿ ಕಾರ್ಡು, ಆಸ್ಪತ್ರೆ ಚೀಟಿ ಗಂಟಿನಲ್ಲಿ ಕಟ್ಕೊಳ್ಳಿ. ಈ ಯೋಜನೆ ದೇಶದ ಎಲ್ಲಾ ಕಡೆ ಇದೆ, ಹೋದ ಊರಲ್ಲೂ ಕೇಳಿ ಪಡೆಯಬಹುದು. ಇನ್ನೊಂದು, ಥೆರಪಿ ಮಾಡುವವರ ಹತ್ತಿರ ‘ಇದನ್ನ ಮನ್ಯಾಗ ಹೆಂಗ ಮಾಡಬೇಕು, ಮಾಡಿ ತೋರಸ್ರಿ’ ಅಂತ ಕೇಳಿ ಕಲೀರಿ. ಕೇಂದ್ರದಲ್ಲಿ ಸಿಗೋದು ವಾರಕ್ಕೆ ಒಂದು ತಾಸು, ಮನೆಯಲ್ಲಿ ಇಡೀ ದಿನ ಇರುತ್ತೆ. ರೊಟ್ಟಿ ಬಡಿಯುವಾಗ ಮಗುವನ್ನ ಎದುರಿಗೆ ಕೂರಿಸಿಕೊಂಡು ‘ಹಿಟ್ಟು, ನೀರು, ಹಂಚು’ ಅಂತ ಹೇಳಿಕೊಡೋದೂ ಮಾತಿನ ತರಬೇತಿಯೇ.

ಕೊನೆಗೆ ಮನೆಯ ಹಿರಿಯರಿಗೆ ಒಂದು ಮಾತು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು ಅಂತ ತಾಯಿಯನ್ನ ದೂರಬೇಡಿ. ಇದು ಆಕೆಯ ತಪ್ಪಲ್ಲ. ಅನುಮಾನ ಬಂದ ತಾಯಿಗೆ ಬೇಕಾಗಿರೋದು ‘ನಡಿಯವಾ, ಒಮ್ಮೆ ತೋರಿಸ್ಕೊಂಡು ಬರೂಣು’ ಅನ್ನುವ ಜೊತೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ್ರೆ ಎಲ್ಲರಿಗೂ ನೆಮ್ಮದಿ. ಇದೆ ಅಂತ ಬಂದ್ರೆ ಮಗುವಿಗೆ ಒಂದೆರಡು ವರ್ಷ ಉಳಿಸಿಕೊಟ್ಟಿರ್ತೀರಿ.